ಗೋಡೆಯ ಆಚೆ ಕುಳಿತವರ ಉಸಿರು

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ ದಾಟಿ ರಾಣೆಬೆನ್ನೂರಿನತ್ತ ಹೊರಟವರಿಗೆ ನಡುವೆ ಮೋಟೆಬೆನ್ನೂರು ಸಿಗುತ್ತದೆ. ಬ್ಯಾಡಗಿಗೆ ದಾರಿ ಒಡೆಯುವುದು ಇಲ್ಲಿಂದಲೇ. ಸುಗ್ಗಿಯ ದಿನಗಳಲ್ಲಿ ಈ ದಾರಿಯ ಗುರುತು ಕೇಳಬೇಕಾಗಿಲ್ಲ. ಮೂಗೇ ಹೇಳುತ್ತದೆ. ಕೆಂಪು ಚೀಲಗಳನ್ನು ಹೇರಿಕೊಂಡ ಲಾರಿಗಳು ಸಾಲಾಗಿ ಹೋಗುತ್ತವೆ, ಹಿಂದೆ ಬರುವ ಮೋಟಾರ್ ಸೈಕಲ್ಲಿನವನು ಸೀನುತ್ತಾನೆ. ರಸ್ತೆಯ ಇಕ್ಕೆಲಗಳಲ್ಲಿ ಎತ್ತರದ, ಕಿಟಕಿಗಳಿಲ್ಲದ ಕಟ್ಟಡಗಳು ಕಾಣಿಸುತ್ತವೆ. ಅವು ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್‌ಗಳು.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳಲ್ಲಿ ಹೆಸರಾದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಕೆಂಬಣ್ಣ ಆಹಾರ ಪದಾರ್ಥಗಳಿಂದ ಹಿಡಿದು ತುಟಿಗೆ ಹಚ್ಚುವ ರಂಗಿನವರೆಗೆ ಹೋಗುತ್ತದೆ. ಬಿಸಿಲು, ಸೆಕೆ ಮತ್ತು ತೇವ ಈ ಬಣ್ಣದ ವೈರಿಗಳು. ಆದ್ದರಿಂದ ಕಾಯಿಯನ್ನು ವರ್ಷವಿಡೀ ತಂಪಿನಲ್ಲಿ ಇಡುತ್ತಾರೆ. ಅದಕ್ಕಾಗಿ ದಪ್ಪ ಗೋಡೆ, ಹಗಲಿರುಳು ನಡೆಯುವ ಯಂತ್ರ, ಉಷ್ಣತೆಯನ್ನು ತೋರಿಸುವ ಮಾಪಕ ಎಲ್ಲವೂ ಉಂಟು.

ಅದೇ ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಎಲ್ಲಿ ಕೂರುತ್ತಾರೆ? ಅಂಗಳದಲ್ಲಿ, ತಗಡಿನ ನೆರಳಿನಲ್ಲಿ, ಗೋದಾಮಿನ ಬಾಗಿಲಲ್ಲಿ. ಸೆರಗನ್ನೇ ಮೂಗಿಗೆ ಕಟ್ಟಿಕೊಂಡು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಕೈ ಆಡಿಸುತ್ತಾರೆ. ಸಂಜೆ ಮನೆಗೆ ಹೋಗಿ ಮಗುವಿನ ಮುಖ ಮುಟ್ಟಬೇಕಾದರೂ ಹತ್ತು ಸಲ ಕೈ ತೊಳೆಯಬೇಕು. ಕಾಯಿಯ ಬಣ್ಣ ಕೆಡದಂತೆ ಕಟ್ಟಡ ಕಟ್ಟಲು ಬಲ್ಲ ನಾವು, ಕೈಯ ಉರಿ ಕಳೆಯುವ ಕಟ್ಟಡವನ್ನು ಏಕೆ ಕಟ್ಟಲಿಲ್ಲ? ವ್ಯಾಪಾರದ ಕಟ್ಟಡದೊಳಗೆ ದುಡಿಯುವವರ ಆರೋಗ್ಯದ ಬಗ್ಗೆ ಇಂದು ನಗರಗಳಲ್ಲಿ ಬಹಳ ಮಾತು ನಡೆಯುತ್ತಿದೆ. ಆ ಮಾತಿಗೆ ದೊಡ್ಡ ಇತಿಹಾಸವಿದೆ. ಅದನ್ನು ಬ್ಯಾಡಗಿಯ ಅಂಗಳದಲ್ಲಿ ನಿಂತು ಓದಿದರೆ ಬೇರೆಯೇ ಅರ್ಥ ಹೊರಡುತ್ತದೆ.

ಒಂದೇ ಹಡಗಿನಲ್ಲಿ ಬಂದ ಎರಡು ಪದಗಳು

ಕನ್ನಡದಲ್ಲಿ ಕಚೇರಿಗೆ ಸಂಬಂಧಿಸಿದ ಮಾತುಗಳನ್ನು ಸುಮ್ಮನೆ ಎಣಿಸಿ ನೋಡಿ. ದಫ್ತರು, ಗುಮಾಸ್ತ, ಶಿರಸ್ತೇದಾರ, ಖಜಾನೆ, ಜಮಾ, ಖರ್ಚು, ರಸೀತಿ. ಹೆಚ್ಚಿನವು ಪಾರಸಿಯಿಂದಲೂ ಅರಬಿಯಿಂದಲೂ ಬಂದು ನಮ್ಮ ಮನೆಮಾತಾದವು. ಬಹಮನಿ, ಆದಿಲಶಾಹಿ ಆಡಳಿತದ ಕಾಲದಿಂದ ಮೈಸೂರಿನ ಹೈದರ್-ಟಿಪ್ಪು ಕಾಲದವರೆಗೆ ಲೆಕ್ಕಪತ್ರದ ಭಾಷೆ ಹಾಗಿತ್ತು. ಅವರ ನಂತರ ಬಂದ ಕಂಪನಿ ಸರಕಾರವೂ ಅದೇ ಪದಗಳನ್ನು ಮುಂದುವರಿಸಿತು.

ಬ್ಯಾಡಗಿಯ ಪೇಟೆಯಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಎರಡು ಪದಗಳೆಂದರೆ ದಲಾಲ ಮತ್ತು ಹಮಾಲ. ಎರಡೂ ಅರಬಿ ಮೂಲದವು. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ದಾರಿ ತೋರಿಸುವವನು ದಲಾಲ. ಭಾರ ಹೊರುವವನು ಹಮಾಲ. ಎರಡೂ ಪದಗಳು ಒಂದೇ ಹಡಗಿನಲ್ಲಿ ಬಂದಿಳಿದವೆಂದು ಹೇಳಬಹುದು. ಆದರೆ ದಡ ಸೇರಿದ ಮೇಲೆ ಒಂದು ಗಾದಿಯ ಮೇಲೆ ಕುಳಿತಿತು, ಇನ್ನೊಂದು ಚೀಲದ ಕೆಳಗೆ ಹೋಯಿತು. ಇಬ್ಬರೂ ಒಂದೇ ಕಟ್ಟಡದಲ್ಲಿ ದುಡಿಯುತ್ತಾರೆ, ಒಂದೇ ಧೂಳನ್ನು ಉಸಿರಾಡುತ್ತಾರೆ. ಆದರೆ ಫ್ಯಾನಿನ ಮುಖ ಯಾರ ಕಡೆಗಿದೆ ಎಂಬುದನ್ನು ನೋಡಿದರೆ ಕಟ್ಟಡದ ಚರಿತ್ರೆ ಗೊತ್ತಾಗುತ್ತದೆ.

ಗಾಳಿ ಮತ್ತು ನೀರನ್ನು ನಂಬಿದ ಕಟ್ಟಡ

ಯಂತ್ರಗಳು ಬರುವುದಕ್ಕೆ ಮುಂಚೆಯೂ ನಮ್ಮ ಬಯಲುಸೀಮೆಯಲ್ಲಿ ಜನ ಕಚೇರಿ ಕಟ್ಟಿದರು. ವಿಜಾಪುರದ ಅಸಾರ್ ಮಹಲ್ ಒಳ್ಳೆಯ ನಿದರ್ಶನ. ಮುಹಮ್ಮದ್ ಆದಿಲಶಹನ ಕಾಲದಲ್ಲಿ, 1646ರ ಸುಮಾರಿಗೆ, ಇದು ನ್ಯಾಯದಾನದ ಭವನವಾಗಿ ನಿರ್ಮಾಣವಾಯಿತು. ಆಗಿನ ಹೆಸರು ದಾದ್ ಮಹಲ್. ಪೂರ್ವಕ್ಕೆ ಪೂರ್ತಿ ತೆರೆದುಕೊಂಡ ಎತ್ತರದ ಮೊಗಸಾಲೆ, ಅದನ್ನು ಹೊತ್ತು ನಿಂತ ನಾಲ್ಕು ಎತ್ತರದ ಮರದ ಕಂಬಗಳು, ಎದುರಿಗೆ ಚೌಕಾಕಾರದ ಕೊಳ. ನೀರಿನ ಮೇಲಿಂದ ಹಾದು ಬರುವ ಗಾಳಿ ತಂಪಾಗುತ್ತದೆ, ಬಿಸಿಗಾಳಿ ಎತ್ತರದ ಮಾಡಿಗೆ ಏರುತ್ತದೆ, ಮಧ್ಯಾಹ್ನದ ನಂತರ ಪಡುವಣದ ಬಿಸಿಲು ಒಳಗೆ ಬರುವುದಿಲ್ಲ. ವಿಜಾಪುರದ ಬೇಸಿಗೆಯನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಇಂಥ ಕಟ್ಟಡದಲ್ಲಿ ತಂಪು ಒಬ್ಬರ ಸೊತ್ತಲ್ಲ. ತೀರ್ಪು ಕೊಡುವವನಿಗೆ ಬೀಸಿದ ಗಾಳಿಯೇ ಫಿರ್ಯಾದಿಗೂ ಬೀಸುತ್ತದೆ, ಬಾಗಿಲು ಕಾಯುವವನಿಗೂ ಬೀಸುತ್ತದೆ. ಆ ಕಾಲದಲ್ಲಿ ಸಮಾನತೆ ಇತ್ತೆಂದು ಇದರ ಅರ್ಥವಲ್ಲ. ಅರಸರ ಕಾಲ ಅರಸರ ಕಾಲವೇ. ಆದರೆ ಗಾಳಿಯನ್ನು ಗೋಡೆ ಹಾಕಿ ಹಂಚುವ ವಿದ್ಯೆ ಆ ಕಟ್ಟಡಕ್ಕೆ ಗೊತ್ತಿರಲಿಲ್ಲ.

1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ವಿಜಾಪುರಕ್ಕೆ ವರ್ಗಾಯಿಸಿದಾಗ ಹೊಸ ಕಚೇರಿಗಳನ್ನು ಕಟ್ಟುವ ಬದಲು ಹಳೆಯ ಮಹಲುಗಳನ್ನೇ ದುರಸ್ತಿ ಮಾಡಿ ಬಳಸಿಕೊಂಡರು. ಮಸೀದಿಯೊಂದರಲ್ಲಿ ಅಂಚೆ ಕಚೇರಿ, ಇನ್ನೊಂದರಲ್ಲಿ ಪ್ರವಾಸಿ ಬಂಗಲೆ ನಡೆಯುತ್ತಿದ್ದವು. ಅವುಗಳನ್ನು ಅಲ್ಲಿಂದ ಎಬ್ಬಿಸಲು ವೈಸರಾಯ್ ಕರ್ಜನ್ ಕಾಲ ಬರಬೇಕಾಯಿತು. ಪರಂಪರೆಗೆ ಮಾಡಿದ ಅವಮಾನವೆಂದು ಇದನ್ನು ನಾವು ಓದುತ್ತೇವೆ. ಅದು ಸರಿಯೇ. ಆದರೆ ದಪ್ಪ ಗೋಡೆಯ, ಎತ್ತರದ ಮಾಡಿನ ಆ ಕಟ್ಟಡಗಳಲ್ಲಿ ಬೇಸಿಗೆಯಲ್ಲೂ ಕೂತು ಬರೆಯಬಹುದೆಂಬ ಲೆಕ್ಕಾಚಾರವೂ ಅಧಿಕಾರಿಗಳಿಗೆ ಹೊಳೆದಿರಬೇಕು.

ಹಗ್ಗದ ಆ ತುದಿ

ಬ್ರಿಟಿಷರ ಕಚೇರಿಗಳು ಸೆಕೆಗೆ ಕಂಡುಕೊಂಡ ಪರಿಹಾರ ಪಂಕಾ. ಮಾಡಿನಿಂದ ತೂಗುಬಿಟ್ಟ ಬಟ್ಟೆಯ ಉದ್ದನೆಯ ಬೀಸಣಿಗೆ ಅದು. ಅದರ ಹಗ್ಗ ಗೋಡೆಯಲ್ಲಿ ಕೊರೆದ ತೂತಿನ ಮೂಲಕ ಹೊರಗಿನ ಜಗುಲಿಗೆ ಬರುತ್ತದೆ. ಅಲ್ಲಿ ಒಬ್ಬ ಮನುಷ್ಯ ಕುಳಿತು ಹಗ್ಗ ಎಳೆಯುತ್ತಾನೆ. ಕೈ ಸೋತರೆ ಕಾಲಿಗೆ ಕಟ್ಟಿಕೊಂಡು ಎಳೆಯುತ್ತಾನೆ. ಒಳಗಿನವರ ಬೆವರು ಆರುವುದಕ್ಕೆ ಹೊರಗಿನವನು ಬೆವರಬೇಕು. ಅವನು ತೂಕಡಿಸಿದರೆ ಪಂಕಾ ನಿಲ್ಲುತ್ತದೆ, ಸಾಹೇಬರಿಗೆ ಸಿಟ್ಟು ಬರುತ್ತದೆ. ಬೂಟುಗಾಲಿನ ಒದೆ ತಿಂದು ಪಂಕಾ ಆಳುಗಳು ಸತ್ತ ಪ್ರಕರಣಗಳು ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ನ್ಯಾಯಾಲಯಕ್ಕೆ ಬಂದವು. ಸತ್ತವನ ಗುಲ್ಮ ಮಲೇರಿಯಾದಿಂದ ಮೊದಲೇ ಊದಿತ್ತು, ಅದಕ್ಕೇ ಒಡೆಯಿತು ಎಂಬ ವಾದವನ್ನು ಒಪ್ಪಿ ಹಗುರ ಶಿಕ್ಷೆ ಕೊಟ್ಟದ್ದೂ ಉಂಟು. ಕಚೇರಿಯೊಳಗಿನವರ ಆರೋಗ್ಯಕ್ಕಾಗಿ ದುಡಿದವನ ಅನಾರೋಗ್ಯವೇ ಕೊನೆಗೆ ಅವನ ವಿರುದ್ಧ ಸಾಕ್ಷಿ ಹೇಳಿತು.

ಇದೇ ಕಾಲದಲ್ಲಿ ಯುರೋಪಿನಲ್ಲಿ ಗಾಳಿಯ ವಿಜ್ಞಾನ ಬೆಳೆಯುತ್ತಿತ್ತು. ಮ್ಯೂನಿಕ್ಕಿನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ ಒಂದು ಅಳತೆಗೋಲು ಕೊಟ್ಟ. ಜನ ತುಂಬಿದ ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರಕ್ಕೆ ಒಂದು ಪಾಲು ಮೀರಿದರೆ ಆ ಕೋಣೆ ಹೆಚ್ಚು ಹೊತ್ತು ಕೂರಲು ತಕ್ಕದ್ದಲ್ಲ ಎಂಬುದು ಅವನ ಮಾತು. ಆ ಅನಿಲವೇ ವಿಷವೆಂದು ಅವನು ಹೇಳಲಿಲ್ಲ. ಒಬ್ಬರ ಉಸಿರನ್ನು ಇನ್ನೊಬ್ಬರು ಎಷ್ಟು ಸೇವಿಸುತ್ತಿದ್ದಾರೆ ಎಂಬುದಕ್ಕೆ ಅದು ಸೂಚಕ. ನೂರೈವತ್ತು ವರ್ಷ ಕಳೆದರೂ ಕಟ್ಟಡ ತಜ್ಞರು ಆ ಸಂಖ್ಯೆಯ ಆಸುಪಾಸಿನಲ್ಲೇ ಮಾತಾಡುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಭಾರತದ ಸೈನಿಕರ ಬ್ಯಾರಕ್ಕುಗಳ ಗಾಳಿ, ನೀರು, ಚರಂಡಿಗಳ ಕುರಿತು 1860ರ ದಶಕದಲ್ಲಿ ಸರಕಾರವನ್ನು ಕಾಡಿದರು. ಸೈನಿಕನ ಉಸಿರಿಗೆ ಬೆಲೆ ಬಂತು. ಹಗ್ಗ ಎಳೆಯುವವನ ಉಸಿರನ್ನು ಅಳೆಯುವವರು ಇರಲಿಲ್ಲ.

ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲಿ ವಿದ್ಯುದ್ದೀಪ ಬೆಳಗಿತು. ವಿದ್ಯುತ್ತಿನ ಹಿಂದೆಯೇ ವಿದ್ಯುತ್ ಫ್ಯಾನು ಬಂತು, ಪಂಕಾದ ಹಗ್ಗ ಮೆಲ್ಲನೆ ಮರೆಯಾಯಿತು. ಆದರೆ ಗೋಡೆಯ ತೂತು ಮುಚ್ಚಿತೇ? ಇಂದಿನ ಏರ್ ಕಂಡೀಷನರನ್ನು ನೋಡಿ. ಒಳಗಿನ ಸೆಕೆಯನ್ನು ಹೀರಿ ಹೊರಗೆ ಎಸೆಯುವುದೇ ಅದರ ಕೆಲಸ. ಅದರ ಹೊರಗಿನ ಪೆಟ್ಟಿಗೆ ಬಿಸಿಗಾಳಿ ಉಗುಳುವ ಜಾಗದಲ್ಲೇ ಎಷ್ಟೋ ಕಡೆ ಕಾವಲುಗಾರನ ಕುರ್ಚಿ ಇರುತ್ತದೆ. ಹಗ್ಗವಿಲ್ಲ, ಆದರೆ ಜಗುಲಿಯ ಮನುಷ್ಯ ಅಲ್ಲೇ ಇದ್ದಾನೆ.

ಕಾನೂನು ಗಾಳಿಯನ್ನು ಎಣಿಸಿದಾಗ

ದುಡಿಯುವವನ ಆರೋಗ್ಯದ ಮಾತು ಕಾನೂನಿಗೆ ಬಂದದ್ದು ಮುಂಬಯಿಯ ಗಿರಣಿಗಳಿಂದ. 1881ರಲ್ಲಿ ಮೊದಲ ಕಾರ್ಖಾನೆ ಕಾನೂನು ಬಂತು. ಅದರ ಮುಖ್ಯ ಕಾಳಜಿ ಮಕ್ಕಳ ದುಡಿಮೆಯ ಹೊತ್ತು. ವಾರಕ್ಕೊಂದು ರಜೆ ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರನ್ನು ಸಂಘಟಿಸಿದರು, 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಆದರೆ ಅಂಗಡಿ, ಗಾದಿ, ಗುಮಾಸ್ತರ ಕೋಣೆಗಳು ಕಾನೂನಿನ ಕಣ್ಣಿಗೆ ಬೀಳಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಭಾರತದಲ್ಲೇ ಮೊದಲನೆಯದಾದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನನ್ನು ಮುಂಬಯಿ ಪ್ರಾಂತ 1939ರಲ್ಲಿ ಮಾಡಿತು. 1948ರಲ್ಲಿ ಅದರ ಬದಲಿಗೆ ಬಂದ ಕಾನೂನಿನಲ್ಲಿ ಸ್ವಚ್ಛತೆ, ಗಾಳಿಯ ಸಂಚಾರ, ಬೆಳಕು, ಬೆಂಕಿಯಿಂದ ರಕ್ಷಣೆ ಇವಕ್ಕೆ ಬೇರೆಬೇರೆ ಕಲಮುಗಳೇ ಇದ್ದವು.

ಆಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಧಾರವಾಡ ಜಿಲ್ಲೆಯಲ್ಲಿದ್ದವು. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ಏಕೀಕರಣವಾಗಿ ಈ ಸೀಮೆ ಮೈಸೂರು ರಾಜ್ಯ ಸೇರಿತು. ಹೊಸ ರಾಜ್ಯ 1961ರಲ್ಲಿ ತನ್ನದೇ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು ಮಾಡಿ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ದುಡಿಮೆಗೆ ಮಿತಿ ಹಾಕಿತು. ವಾರದ ರಜೆ, ನಡುವೆ ವಿಶ್ರಾಂತಿಯನ್ನೂ ಕಡ್ಡಾಯ ಮಾಡಿತು.

1948ರ ಕೇಂದ್ರ ಕಾರ್ಖಾನೆ ಕಾನೂನು ಇನ್ನೂ ಮುಂದೆ ಹೋಗಿ ಗಾಳಿಯನ್ನು ಎಣಿಸಿಯೇ ಬಿಟ್ಟಿತು. ಹೊಸ ಕಾರ್ಖಾನೆಯಲ್ಲಿ ಪ್ರತಿ ಕಾರ್ಮಿಕನಿಗೂ ಕನಿಷ್ಠ 14.2 ಘನ ಮೀಟರ್ ಜಾಗ ಇರಬೇಕು. ಧೂಳು ಏಳುವ ಕಡೆಯಲ್ಲೇ ಅದನ್ನು ಹೀರಿ ಹೊರಹಾಕಬೇಕು. ನಿಂತು ದುಡಿಯುವವರಿಗೆ ಕೂರಲು ಅವಕಾಶ, ಕುಡಿಯುವ ನೀರು, ಕೈ ತೊಳೆಯುವ ಜಾಗ, ಶೌಚಾಲಯ, ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳನ್ನು ಬಿಡಲು ಕೋಣೆ, ಉಗುಳಲು ಪೀಕದಾನಿ ಕೂಡ ಇರಬೇಕು. ಓದುತ್ತಾ ಹೋದರೆ ಬ್ಯಾಡಗಿಯ ತೊಟ್ಟು ಬಿಡಿಸುವ ತಾಯಂದಿರಿಗಾಗಿಯೇ ಬರೆದಂತಿದೆ. ಆದರೆ ಅದು ಕಾರ್ಖಾನೆಯ ಕಾನೂನು. ವಿದ್ಯುತ್ ಬಳಸುವಲ್ಲಿ 10 ಜನ, ಬಳಸದ ಕಡೆ 20 ಜನ ಎಂಬ ಹೊಸ್ತಿಲು ಅದಕ್ಕಿತ್ತು. ಬಿಡಿಸಿದ ತೂಕದ ಮೇಲೆ ಕೂಲಿ ಪಡೆಯುವ, ಇಂದು ಈ ಅಂಗಳ ನಾಳೆ ಆ ಅಂಗಳ ಎಂದು ತಿರುಗುವ ಹೆಂಗಸು ಯಾವ ಹಾಜರಿ ಪುಸ್ತಕದಲ್ಲಿ ಸಿಗುತ್ತಾಳೆ?

2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾರ್ಖಾನೆ ಕಾನೂನಿನ ಜಾಗವನ್ನು ತೆಗೆದುಕೊಂಡಿತು. 10 ಅಥವಾ ಹೆಚ್ಚು ಕೆಲಸಗಾರರಿರುವ ವ್ಯಾಪಾರ ಸಂಸ್ಥೆಗಳನ್ನೂ ಅದು ತನ್ನ ತೆಕ್ಕೆಗೆ ತಂದುಕೊಂಡಿದೆ. ಇದು ಸ್ವಾಗತಾರ್ಹ. ಆದರೆ ಕಾರ್ಖಾನೆ ಎನಿಸಿಕೊಳ್ಳುವ ಹೊಸ್ತಿಲನ್ನು 20 ಮತ್ತು 40ಕ್ಕೆ ಏರಿಸಿದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಹಿಂದೆಗೆದುಕೊಳ್ಳದಂತೆ ನೋಡಿಕೊಳ್ಳಬೇಕಾದವರು ನಾವು.

ಕಾಯಿಲೆ ಬಿದ್ದ ಕಟ್ಟಡಗಳು

ನಗರದ ಗಾಜಿನ ಕಚೇರಿಗಳ ಕತೆ ಬೇರೆ. 1973ರಲ್ಲಿ ಎಣ್ಣೆಯ ಬೆಲೆ ಒಮ್ಮೆಲೇ ಏರಿದಾಗ ಪಶ್ಚಿಮದ ದೇಶಗಳು ಇಂಧನ ಉಳಿಸಲು ಕಚೇರಿಗಳ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದವು, ಒಳಗೆ ಬಿಡುವ ಹೊರಗಾಳಿಯನ್ನು ಕಡಿಮೆ ಮಾಡಿದವು. ಕೆಲವು ವರ್ಷಗಳಲ್ಲೇ ನೌಕರರಿಂದ ದೂರು ಬರತೊಡಗಿತು. ತಲೆನೋವು, ಕಣ್ಣುರಿ, ಒಣ ಗಂಟಲು, ಆಯಾಸ. ಮನೆಗೆ ಹೋದರೆ ಗುಣ, ಕಚೇರಿಗೆ ಬಂದರೆ ಮತ್ತೆ ಅದೇ. 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗುರುತಿಸಿತು. ಕಾಯಿಲೆ ಮನುಷ್ಯನದಲ್ಲ, ಕಟ್ಟಡದ್ದು ಎಂಬ ಅರ್ಥದ ಹೆಸರು ಬಂತು. 1989ರಲ್ಲಿ ಅಮೆರಿಕದ ಎಂಜಿನಿಯರುಗಳು ಹೊರಗಾಳಿಯ ಪ್ರಮಾಣವನ್ನು ಮತ್ತೆ ಏರಿಸಬೇಕಾಯಿತು.

ನಾವು ಆ ಪಾಠವನ್ನು ಕಲಿಯದೆ ಆ ಗಾಜನ್ನು ಮಾತ್ರ ತಂದುಕೊಂಡೆವು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ವಾಣಿಜ್ಯ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು ಒಂಬತ್ತು ಜನ ಸತ್ತರು. ಬೆಂಕಿಗಿಂತ ಹೊಗೆ ದೊಡ್ಡ ವೈರಿಯಾಯಿತು. ಮೆಟ್ಟಿಲುಗಳ ದಾರಿ ಸಿಗದೆ, ಗಾಜು ಒಡೆದು ಮೇಲಿನ ಮಹಡಿಗಳಿಂದ ಹಾರಿದವರಿದ್ದರು. ಬೆಳಗ್ಗೆ ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟ ಮಕ್ಕಳು ಅವರು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಅಳುತ್ತಾ ಕೂರದೆ ಬೆಂಕಿ ಸುರಕ್ಷತೆಗಾಗಿ ಸಂಘಟನೆ ಕಟ್ಟಿ ದುಡಿದರು. ಕಟ್ಟಡದ ಆರೋಗ್ಯವೆಂದರೆ ಕುರ್ಚಿಯ ಬೆನ್ನು, ಗೋಡೆಯ ಬಣ್ಣ, ಮೂಲೆಯ ಹಸಿರು ಗಿಡ ಮಾತ್ರವಲ್ಲ, ತೆರೆಯುವ ಬಾಗಿಲು ಮೊದಲು ಎಂದು ಅವರು ಊರಿಗೆ ಕಲಿಸಿದರು.

ಇನ್ನೊಂದು ಪಾಠ ಕೇರಳದ ಕಲ್ಲಿಕೋಟೆಯಿಂದ ಬಂತು. ಅಲ್ಲಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವಿರಲಿಲ್ಲ. ದಿನವಿಡೀ ಕೂರುವಂತೆಯೂ ಇರಲಿಲ್ಲ. ಬಾಯಾರಿದರೂ ನೀರು ಕುಡಿಯದೆ ಕಳೆದ ದಿನಗಳ ಬೆಲೆಯನ್ನು ದೇಹ ತೆತ್ತಿತು. ಟೈಲರಿಂಗ್ ಮಾಡುತ್ತಿದ್ದ ವಿಜಿ ಎಂಬ ಮಹಿಳೆಯ ಮುಂದಾಳತನದಲ್ಲಿ ‘ಪೆಣ್‌ಕೂಟ್ಟ್’ ಸಂಘಟನೆ ಮೂಡಿತು. ವರ್ಷಗಳ ಹೋರಾಟದ ಫಲವಾಗಿ 2018ರಲ್ಲಿ ಕೇರಳ ಸರಕಾರ ಅಂಗಡಿ ಕಾನೂನಿಗೆ ತಿದ್ದುಪಡಿ ತಂದು ಕೂರುವ ಹಕ್ಕನ್ನು ಬರೆಯಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಒಂದು ಸ್ಟೂಲಿಗಾಗಿ ಇಷ್ಟು ದೊಡ್ಡ ಹೋರಾಟವೇ ಎಂದು ನಗುವವರು ಹತ್ತು ತಾಸು ನಿಂತು ನೋಡಲಿ.

ಘಾಟಿನ ಊರಿನಲ್ಲಿ

ಈಗ ಮತ್ತೆ ಬ್ಯಾಡಗಿಗೆ ಬರೋಣ. ಸೋಮವಾರ, ಗುರುವಾರಗಳ ಸಂತೆಗೆ ಕರ್ನಾಟಕದ ಜಿಲ್ಲೆಗಳಿಂದಲ್ಲದೆ ಆಂಧ್ರ, ತೆಲಂಗಾಣಗಳಿಂದಲೂ ಕಾಯಿ ಬರುತ್ತದೆ. ಚೀಲ ಸುರಿದಾಗ, ರಾಶಿ ಮಾಡಿದಾಗ, ತುಂಬಿದಾಗ, ತೂಗಿದಾಗ ಧೂಳು ಏಳುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ಮೂಗು, ಗಂಟಲು, ಶ್ವಾಸನಾಳದ ನರಗಳನ್ನು ನೇರವಾಗಿ ಕೆರಳಿಸುತ್ತದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎಂಬುದು ತಿನ್ನುವವರ ನಾಲಿಗೆಯ ಲೆಕ್ಕ. ದಿನಕ್ಕೆ ಎಂಟು-ಹತ್ತು ತಾಸು ಅದರ ನಡುವೆ ಉಸಿರಾಡುವ ಎದೆಯ ಲೆಕ್ಕ ಬೇರೆ. ಕೆಮ್ಮು, ಕಣ್ಣೀರು, ಅಂಗೈ ಉರಿ, ಸೊಂಟ ನೋವು ಇವನ್ನು ಇಲ್ಲಿ ಯಾರೂ ಕಾಯಿಲೆ ಎನ್ನುವುದಿಲ್ಲ. ‘ರೂಢಿಯಾಗಿದೆ’ ಎನ್ನುತ್ತಾರೆ. ರೂಢಿ ಎಂಬ ಈ ಮಾತಿನ ಕೆಳಗೆ ನಮ್ಮ ನಾಡಿನ ಎಷ್ಟು ನೋವುಗಳು ಮುಚ್ಚಿಹೋಗಿವೆಯೋ!

2024ರ ಮಾರ್ಚ್ 11, ಒಂದು ಸೋಮವಾರ, ಕಾಯಿಯ ಬೆಲೆ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳು ಸುಟ್ಟವು, ಕಚೇರಿ ಹಾಳಾಯಿತು. ಹಿಂಸೆಗೆ ಸಮರ್ಥನೆ ಇಲ್ಲ. ಆದರೆ ವ್ಯಾಪಾರದ ಕಟ್ಟಡವೊಂದು ಸುರಕ್ಷಿತವಾಗಿರುವುದು ಬೆಂಕಿ ಆರಿಸುವ ಸಿಲಿಂಡರಿನಿಂದ ಮಾತ್ರವಲ್ಲ, ಅದರ ಹೊರಗೆ ನಿಂತವರ ವಿಶ್ವಾಸದಿಂದಲೂ ಎಂಬುದನ್ನು ಆ ದಿನ ನೆನಪಿಸಿತು.

ಮಾಡಬೇಕಾದ ಕೆಲಸಕ್ಕೆ ಕೋಟಿಗಳು ಬೇಡ. ರಾಶಿ ಸುರಿಯುವ ಜಾಗ ಮತ್ತು ಕೂತು ಬಿಡಿಸುವ ಜಾಗ ಬೇರೆಯಾಗಿರಲಿ. ಧೂಳು ಏಳುವ ಕಡೆ ಗಾಳಿ ಹೀರುವ ಫ್ಯಾನು, ತಗಡಿನ ಮಾಡಿಗೆ ಎತ್ತರ ಮತ್ತು ಗಾಳಿಗಂಡಿ ಇರಲಿ. ಸೆರಗಿನ ಬದಲು ಸರಿಯಾದ ಮುಖಗವಸು, ಕೈಗವಸು ಸಿಗಲಿ. ಕೂರಲು ಗಿಡ್ಡ ಮಣೆ, ಕೈ ತೊಳೆಯಲು ಸಾಬೂನು-ನೀರು, ಬಾಗಿಲಿಗೆ ಅಗುಳಿ ಇರುವ ಶೌಚಾಲಯ, ಮಗು ಮಲಗಲು ಘಾಟಿಲ್ಲದ ಕೋಣೆ, ವರ್ಷಕ್ಕೊಮ್ಮೆ ಎದೆಯ ತಪಾಸಣೆ ಇಷ್ಟು ಸಾಕು. ಮಾರುಕಟ್ಟೆ ಸಮಿತಿ, ವರ್ತಕರ ಸಂಘ, ಹಮಾಲರ ಸಂಘ ಒಟ್ಟಿಗೆ ಕೂತರೆ ಒಂದು ಸುಗ್ಗಿಯೊಳಗೆ ಆಗುವ ಕೆಲಸ ಇದು.

ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದ ಏಕೈಕ ಕನ್ನಡಿಗ ಅವರು. ಇನ್ನೂ ಇಪ್ಪತ್ತು ತುಂಬದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣಕ್ಕೆ ಕೈಹಾಕಿದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಪ್ರಾಣ ಕೊಟ್ಟರು. ಒಳಗೆ ಕೂತವರಿಗೆ ಪಂಕಾ, ಹೊರಗೆ ನಿಂತವರಿಗೆ ಬಿಸಿಲು ಎಂಬ ಆಡಳಿತ ಹೋಗಲಿ ಎಂದು ಅವರು ಹೋರಾಡಿದರು. ಆಡಳಿತ ಹೋಯಿತು. ಬಿಸಿಲು ಇನ್ನೂ ಅಲ್ಲೇ ಇದೆ.

ಮುಂದಿನ ಸುಗ್ಗಿಯಲ್ಲಿ ಆ ದಾರಿಯಲ್ಲಿ ಹೋಗುವಾಗ ಸೀನು ಬಂದರೆ ಒಂದು ಕ್ಷಣ ಯೋಚಿಸಿ. ನಮಗೆ ಅದು ಎರಡು ನಿಮಿಷದ ಘಾಟು. ಗೋಡೆಯ ಆಚೆ ಕುಳಿತವಳಿಗೆ ಅದೇ ಗಾಳಿ.